ಒಂದು ಪ್ಲೇಟ್ ಜಾಸ್ತಿ ಹಾಕಿಸಿದರೆ ಜೀಪಿಗೆ ಏನಾಗುತ್ತದೆ?

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಕಲಾಸಿಪಾಳ್ಯದ ಕಡೆ ಹೋಗುವ ಗಲ್ಲಿಗಳಲ್ಲಿ ಯಾವುದಾದರೂ ಗ್ಯಾರೇಜಿನ ಮುಂದೆ ಹಳೇ ಜೀಪು ನಿಲ್ಲಿಸಿ, "ಗಾಡಿ ಸ್ವಲ್ಪ ಎತ್ತರ ಆಗ್ಬೇಕು" ಅಂತ ಕೇಳಿ ನೋಡಿ. "ಹಿಂದೆ ಒಂದೊಂದು ಪ್ಲೇಟ್ ಹಾಕ್ಸಿಬಿಡಿ ಸಾರ್" ಎಂಬ ಉತ್ತರ ಸಿದ್ಧವಾಗಿರುತ್ತದೆ. ಪ್ಲೇಟ್ ಅಂದರೆ ಗಾಡಿಯ ಭಾರ ಹೊರುವ ಲೀಫ್ ಸ್ಪ್ರಿಂಗಿನ ಒಂದು ಉಕ್ಕಿನ ಪಟ್ಟಿ. ಇಂಥ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದ ಸೆಟ್ಟೇ ಲೀಫ್ ಸ್ಪ್ರಿಂಗ್. ಖರ್ಚು ಕಡಿಮೆ, ಕೆಲಸವೂ ಬೇಗ ಮುಗಿಯುತ್ತದೆ. ವಾರದ ಕೊನೆಯಲ್ಲಿ ರಾಮನಗರದ ಬಂಡೆಗಳ ಕಡೆಗೋ ಸಕಲೇಶಪುರದ ಕೆಸರು ದಾರಿಗೋ ಗಾಡಿ ಇಳಿಸುವವರಲ್ಲಿ ತುಂಬಾ ಜನ ಹೀಗೇ ಮಾಡಿಸಿಕೊಂಡಿದ್ದಾರೆ. ಆದರೆ ಆ ಪ್ಲೇಟಿನಿಂದ ಸಿಗುವ ಎತ್ತರ ಬಹಳ ಕಡಿಮೆ. ಸಿಗುವುದು ಬಿಗಿತ. ಗುಂಡಿ ದಾಟುವ ಗಾಡಿಗೆ ಬೇಕಾಗಿರುವುದು ಅದಕ್ಕೆ ಪೂರ್ತಿ ಉಲ್ಟಾ.

ನಮ್ಮ ರಸ್ತೆಗಳಲ್ಲಿ ಲೀಫ್ ಸ್ಪ್ರಿಂಗಿನ ಗಾಡಿಗಳು ಇನ್ನೂ ಸಾಕಷ್ಟಿವೆ. 1985ರಲ್ಲಿ ಬಂದ ಮಾರುತಿ ಜಿಪ್ಸಿಗೆ ನಾಲ್ಕೂ ಕಡೆ ಪ್ಲೇಟುಗಳೇ. ಮಹೀಂದ್ರ ಎಂಎಂ 540ಕ್ಕೂ ಹಾಗೆಯೇ. 2010ರ ಥಾರ್‌ಗೆ ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು), ಹಿಂದೆ ಮಾತ್ರ ಲೀಫ್. 2020ರ ಹೊಸ ಥಾರ್‌ನಲ್ಲಿ ಹಿಂದಕ್ಕೂ ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್ ಬಂತು. ಲಾರಿಗಳ ಮಾತಂತೂ ಬೇಡ, ಅವುಗಳ ಬದುಕೇ ಪ್ಲೇಟಿನ ಮೇಲೆ ನಿಂತಿದೆ.

ಒಂದೇ ದಪ್ಪ ಪಟ್ಟಿಯ ಬದಲು ಇಷ್ಟೊಂದು ತೆಳು ಪಟ್ಟಿ ಯಾಕೆ? ಹಳೇ ನೋಟ್‌ಬುಕ್ ಒಂದನ್ನು ಎರಡು ಕೈಯಲ್ಲಿ ಹಿಡಿದು ಬಗ್ಗಿಸಿ. ಸುಲಭವಾಗಿ ಬಗ್ಗುತ್ತದೆ. ಬಗ್ಗುವಾಗ ಹಾಳೆಗಳ ಅಂಚು ಓರೆಯಾಗುವುದು ಕಾಣುತ್ತದೆ, ಅಂದರೆ ಒಂದರ ಮೇಲೊಂದು ಜಾರುತ್ತಿವೆ. ಈಗ ಎಲ್ಲ ಹಾಳೆಗೂ ಅಂಟು ಹಚ್ಚಿ ಒಣಗಿಸಿದರೆ? ಅದು ಹಲಗೆಯಾಗುತ್ತದೆ. ಪಟ್ಟಿಯೊಂದರ ಬಿಗಿತ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಎರಡರಷ್ಟಾದರೆ ಬಿಗಿತ ಎಂಟರಷ್ಟು. ನೂರು ಬಿಡಿ ಹಾಳೆ ಸೇರಿದರೆ ಬಿಗಿತ ನೂರರಷ್ಟು ಅಷ್ಟೇ. ಅವೇ ನೂರು ಹಾಳೆ ಅಂಟಿಕೊಂಡರೆ ಹತ್ತು ಲಕ್ಷದಷ್ಟು.

ಹಾಗಾಗಿ 12 ಮಿಲಿಮೀಟರ್ ದಪ್ಪದ ಒಂದು ಪಟ್ಟಿ ಎಷ್ಟು ಬಿಗಿಯೋ, ಅದೇ ಉದ್ದ ಅಗಲದ 6 ಮಿಲಿಮೀಟರಿನ ಎಂಟು ಪಟ್ಟಿಗಳೂ ಅಷ್ಟೇ ಬಿಗಿ. ಉಕ್ಕು ನಾಲ್ಕರಷ್ಟು ಖರ್ಚಾಯಿತಲ್ಲ, ಲಾಭ ಏನು? ಒಂದೇ ಅಷ್ಟು ಬಗ್ಗಿಸಿದಾಗ ತೆಳು ಪಟ್ಟಿಯ ಮೈಮೇಲೆ ಬೀಳುವ ಎಳೆತ ದಪ್ಪ ಪಟ್ಟಿಯದರ ಅರ್ಧ ಮಾತ್ರ. ದಪ್ಪ ಪಟ್ಟಿ ಮುರಿಯುವಷ್ಟು ಬಗ್ಗಿಸಿದರೂ ತೆಳು ಪಟ್ಟಿಗಳು ಆರಾಮಾಗಿ ಬಗ್ಗಿ ವಾಪಸ್ ಬರುತ್ತವೆ. ಕೆಳಗೆ ಹೋದಂತೆ ಪ್ಲೇಟುಗಳು ಗಿಡ್ಡವಾಗುವುದಕ್ಕೂ ಲೆಕ್ಕ ಇದೆ. ಎಡಬಲದ ಚಕ್ರಗಳನ್ನು ಹೊತ್ತ ಆಕ್ಸಲ್ ಕೂರುವ ಮಧ್ಯಭಾಗದಲ್ಲಿ ಬಗ್ಗಿಸುವ ಬಲ ಅತಿ ಹೆಚ್ಚು, ತುದಿಗೆ ಹೋಗುತ್ತ ಸೊನ್ನೆ. ಎಲ್ಲಿ ಬಲ ಜಾಸ್ತಿಯೋ ಅಲ್ಲಿ ಉಕ್ಕು ಜಾಸ್ತಿ.

ಈಗ ಆ ಹೆಚ್ಚುವರಿ ಪ್ಲೇಟಿಗೆ ಬರೋಣ. ಹಿಂದೆ ಐದು ಪ್ಲೇಟಿನ ಸೆಟ್ ಇದೆ ಅಂದುಕೊಳ್ಳಿ. ಗಾಡಿಯ ಭಾರಕ್ಕೆ ಅದು 8 ಸೆಂಟಿಮೀಟರ್ ತಗ್ಗಿ ಕೂತಿದೆ. ಅದೇ ದಪ್ಪದ, ಅದೇ ಬಾಗಿನ ಆರನೇ ಪ್ಲೇಟು ಸೇರಿಸಿದರೆ ಬಿಗಿತ ಸುಮಾರು ಶೇಕಡಾ 20 ಏರುತ್ತದೆ. ಅದೇ ಭಾರಕ್ಕೆ ಈಗ ತಗ್ಗುವುದು 6.7 ಸೆಂಟಿಮೀಟರ್. ಗಾಡಿ ಮೇಲೆದ್ದದ್ದು 1.3 ಸೆಂಟಿಮೀಟರ್! ಪ್ಲೇಟಿನ ದಪ್ಪವೂ ಸೇರಿ ಇನ್ನೊಂದಿಷ್ಟು ಸಿಗಬಹುದು. ಒಂದು ಬೆರಳಿನ ದಪ್ಪದ ಎತ್ತರಕ್ಕೆ ಐದನೇ ಒಂದು ಪಾಲು ಬಿಗಿತ ಕೊಂಡುಕೊಂಡ ಹಾಗಾಯಿತು.

ಬಿಗಿತದ ಬೆಲೆಯನ್ನು ಮೊದಲು ತೆರುವುದು ಬೆನ್ನು. ಸ್ಪ್ರಿಂಗ್ ಮೇಲೆ ಕೂತ ಗಾಡಿ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂದು ತಿಳಿಯಲು ಸುಲಭ ಲೆಕ್ಕವಿದೆ. ಭಾರಕ್ಕೆ ಎಷ್ಟು ಸೆಂಟಿಮೀಟರ್ ತಗ್ಗಿದೆಯೋ ಅದರ ವರ್ಗಮೂಲದಿಂದ 5ನ್ನು ಭಾಗಿಸಿದರೆ ಸಾಕು. 16 ಸೆಂಟಿಮೀಟರ್ ತಗ್ಗಿದ್ದರೆ ಸೆಕೆಂಡಿಗೆ 1.25 ಸಲ, ಮೈಗೆ ಹಿತ. 8 ಇದ್ದರೆ 1.8ರ ಹತ್ತಿರ. 6.7ಕ್ಕೆ ಇಳಿದರೆ 1.9 ದಾಟುತ್ತದೆ. ಸುಮ್ನೆ ಸಿಲ್ಕ್ ಬೋರ್ಡ್‌ವರೆಗೆ ಹೋಗಿ ಬರುವಷ್ಟರಲ್ಲಿ ಒಂದೊಂದು ಹಂಪೂ ಸೊಂಟಕ್ಕೆ ಗೊತ್ತಾಗುತ್ತದೆ.

ಆದರೆ ನನಗೆ ಸೊಂಟಕ್ಕಿಂತ ಚಕ್ರದ ಚಿಂತೆ ಜಾಸ್ತಿ. ಒಂದು ಚಕ್ರ ಗುಂಡಿಗೆ ಇಳಿದಾಗ ಅದನ್ನು ಕೆಳಕ್ಕೆ ಒತ್ತುವುದು ಸ್ಪ್ರಿಂಗ್. ಎಷ್ಟು ದೂರದವರೆಗೆ ಒತ್ತಬಲ್ಲದು? ಎಷ್ಟು ತಗ್ಗಿ ಕೂತಿತ್ತೋ ಅಷ್ಟು ದೂರ ಮಾತ್ರ. ಅಲ್ಲಿಗೆ ಪ್ಲೇಟು ತನ್ನ ಮೂಲ ಬಾಗಿಗೆ ಮರಳಿರುತ್ತದೆ, ಒತ್ತುವ ಶಕ್ತಿ ಮುಗಿದಿರುತ್ತದೆ. 8 ಸೆಂಟಿಮೀಟರ್ ಗುಂಡಿ ಹಿಂಬಾಲಿಸುತ್ತಿದ್ದ ಚಕ್ರ ಈಗ 6.7ಕ್ಕೇ ಕೈಬಿಡುತ್ತದೆ, ಗಾಳಿಯಲ್ಲಿ ತೂಗುತ್ತದೆ. ಆಕ್ಸಲಿನ ನಡುವಿನ ಗೇರುಗಳ ಪೆಟ್ಟಿಗೆ, ಅಂದರೆ ಮಾಮೂಲಿ ಡಿಫರೆನ್ಷಿಯಲ್, ಎರಡೂ ಚಕ್ರಕ್ಕೆ ಸಮನಾದ ತಿರುಗುಬಲ ಹಂಚುತ್ತದೆ. ಗಾಳಿಯಲ್ಲಿರುವ ಚಕ್ರ ತಿರುಗಲು ಬಲವೇ ಬೇಡ, ಹಾಗಾಗಿ ನೆಲದ ಮೇಲಿರುವ ಚಕ್ರಕ್ಕೂ ಹೆಚ್ಚುಕಡಿಮೆ ಏನೂ ಸಿಗುವುದಿಲ್ಲ. ಎಂಜಿನ್ ಕೂಗುತ್ತದೆ, ಒಂದು ಚಕ್ರ ಗಿರಗಿರ ಸುತ್ತುತ್ತದೆ, ಗಾಡಿ ಮಾತ್ರ ನಿಂತಲ್ಲೇ. ಎತ್ತರ ಮಾಡಿಸಿದ ಜೀಪು ಸಣ್ಣ ಕೊರಕಲಿನಲ್ಲಿ ಸಿಕ್ಕಿಕೊಳ್ಳುವುದು, ಕಂಪನಿಯ ಸ್ಪ್ರಿಂಗಿನ ಗಾಡಿ ಅದನ್ನೇ ಮೆಲ್ಲಗೆ ದಾಟಿಹೋಗುವುದು ಇದೇ ಕಾರಣಕ್ಕೆ.

ಹಾಗಾದರೆ ಎತ್ತರ ಬೇಕೇ ಬೇಕು ಅನ್ನುವವರು ಏನು ಮಾಡಬೇಕು?

ಒಳ್ಳೆಯ ದಾರಿ ಉದ್ದದ್ದು. ಉದ್ದದ ಘನಕ್ಕೆ ತಕ್ಕಂತೆ ಬಿಗಿತ ಇಳಿಯುತ್ತದೆ. ಶೇಕಡಾ 10 ಉದ್ದ ಹೆಚ್ಚಿದರೆ ಬಿಗಿತ ಕಾಲುಭಾಗ ಕಮ್ಮಿ. ಆಗ ಹೆಚ್ಚು ಬಾಗಿಸಿದ ಪ್ಲೇಟುಗಳನ್ನು ಹಾಕಿ ಎತ್ತರವನ್ನೂ ಪಡೆಯಬಹುದು, ಮೃದುತನವನ್ನೂ ಉಳಿಸಿಕೊಳ್ಳಬಹುದು. ಇದಕ್ಕೆ ಚಾಸಿಯ ಮೇಲಿನ ಬ್ರಾಕೆಟ್ಟಿನ ಜಾಗ ಬದಲಿಸಬೇಕು, ಅಲ್ಲೇ ಖರ್ಚು. ಇನ್ನೊಂದು ದಾರಿ ಪ್ಯಾರಾಬೋಲಿಕ್ ಪ್ಲೇಟು. ಮಧ್ಯದಲ್ಲಿ ದಪ್ಪ, ತುದಿಗೆ ಹೋಗುತ್ತ ತೆಳ್ಳಗೆ ಆಗುವ ಎರಡು ಮೂರು ಪಟ್ಟಿ ಸಾಕು. ಉದ್ದಕ್ಕೂ ಒಂದೇ ಮಟ್ಟದ ಎಳೆತ ಇರುವುದರಿಂದ ಉಕ್ಕು ವ್ಯರ್ಥವಾಗುವುದಿಲ್ಲ. ಮಧ್ಯದಲ್ಲೂ ತುದಿಯಲ್ಲೂ ಬಿಟ್ಟರೆ ಬೇರೆಲ್ಲೂ ಒಂದಕ್ಕೊಂದು ತಾಗುವುದಿಲ್ಲ, ಹಾಗಾಗಿ ಉಜ್ಜಾಟವೂ ಕಮ್ಮಿ.

ಉಜ್ಜಾಟದ ವಿಷಯ ಇಲ್ಲಿ ಹೇಳಲೇಬೇಕು. ಕನಕಪುರದ ಕಡೆಯ ಕೆಸರಲ್ಲಿ ಓಡಿಸಿ ಬಂದು, ಮೇಲ್ಮೈ ಮಾತ್ರ ತೊಳೆದು ನಿಲ್ಲಿಸಿದ ಜೀಪಿನ ಪ್ಲೇಟುಗಳ ನಡುವೆ ಮಣ್ಣು ಕೂತು ತುಕ್ಕು ಹಿಡಿಯುತ್ತದೆ. ಆಗ ಅವು ಜಾರುವುದನ್ನು ನಿಲ್ಲಿಸುತ್ತವೆ. ಸಣ್ಣಪುಟ್ಟ ಅಲುಗಾಟಕ್ಕೆ ಇಡೀ ಸೆಟ್ಟು ಅಂಟು ಹಚ್ಚಿದ ಹಾಳೆಗಳ ಹಾಗೆ ವರ್ತಿಸುತ್ತದೆ. "ಜಿಪ್ಸಿ ಕಲ್ಲು ಸಾರ್, ಕಲ್ಲು" ಎಂದು ಬೈಯುವ ಮುಂಚೆ ಸೆಟ್ ಬಿಚ್ಚಿಸಿ, ತಂತಿ ಬ್ರಷ್ಷಿನಿಂದ ಉಜ್ಜಿಸಿ, ಗ್ರೀಸ್ ಹಾಕಿಸಿ. ಪ್ಲೇಟುಗಳ ತುದಿಗೆ ನೈಲಾನಿನಂಥ ಜಾರುವ ಪ್ಯಾಡ್ ಕೂರಿಸಿದರೆ ಇನ್ನೂ ಚೆನ್ನ. ಇಷ್ಟರಲ್ಲೇ ಎಷ್ಟೋ ಗಾಡಿಗಳ ಗುಣ ಬದಲಾಗುತ್ತದೆ.

ಉದ್ದ ಶ್ಯಾಕಲ್ ಹಾಕಿಸುವುದು ಅಗ್ಗದ ಉಪಾಯ. ಶ್ಯಾಕಲ್ ಅಂದರೆ ಪ್ಲೇಟಿನ ತುದಿಯನ್ನು ಚಾಸಿಗೆ ಸೇರಿಸುವ, ಅಲುಗಾಡುವ ಕೊಂಡಿ. ಪ್ಲೇಟಿನ ಒಂದು ತುದಿ ಮಾತ್ರ ಶ್ಯಾಕಲಿಗೆ ಸಿಕ್ಕಿರುತ್ತದೆ, ಆಕ್ಸಲ್ ಇರುವುದು ಮಧ್ಯದಲ್ಲಿ. ಹಾಗಾಗಿ ಶ್ಯಾಕಲ್ ಎರಡು ಇಂಚು ಉದ್ದವಾದರೆ ಗಾಡಿ ಏಳುವುದು ಒಂದೇ ಇಂಚು. ಜೊತೆಗೆ ಆಕ್ಸಲ್ ಕೂಡ ತುಸು ತಿರುಗುತ್ತದೆ. ಹಳೇ ಜೀಪು, ಜಿಪ್ಸಿಗಳಲ್ಲಿ ಮುಂದಿನ ಶ್ಯಾಕಲ್ ಪ್ಲೇಟಿನ ಮುಂತುದಿಯಲ್ಲಿದೆ. ಅದನ್ನು ಉದ್ದ ಮಾಡಿದರೆ ಆಕ್ಸಲಿನ ತಲೆ ಮುಂದಕ್ಕೆ ವಾಲಿ, ಚಕ್ರ ತಿರುಗಿಸುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಅಂದರೆ ಕ್ಯಾಸ್ಟರ್ ಕೋನ, ಕಡಿಮೆಯಾಗುತ್ತದೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದು ಈ ಕೋನದಿಂದ. ಅದು ಹೋದರೆ ಮೈಸೂರು ರಸ್ತೆಯಲ್ಲಿ 80ರ ವೇಗದಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ. ಹೆದ್ದಾರಿಯಲ್ಲಿ ಓಡಿಸುವ ಗಾಡಿಗೆ, ಕೋನ ಸರಿಪಡಿಸುವ ಬೆಣೆ ಇಲ್ಲದೆ ಇದನ್ನು ಮಾಡಿಸಬೇಡಿ.

ಆಕ್ಸಲಿನ ಕೆಳಗಿರುವ ಪ್ಲೇಟ್ ಸೆಟ್ಟನ್ನು ಆಕ್ಸಲಿನ ಮೇಲಕ್ಕೆ ಕೂರಿಸುವುದು ದೊಡ್ಡ ಕೆಲಸ. ಜಿಪ್ಸಿಯಲ್ಲಿ ಇದರಿಂದ ಐದು ಇಂಚಿನ ಹತ್ತಿರ ಎತ್ತರ ಬರುತ್ತದೆ, ಬಿಗಿತ ಒಂದಿಷ್ಟೂ ಏರುವುದಿಲ್ಲ. ಕೇಳಲು ಚಂದ, ಅಲ್ವಾ? ಆದರೆ ಗೇರ್‌ಬಾಕ್ಸಿನ ಕಡೆಯಿಂದ ಆಕ್ಸಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳಾದ ಕ್ರಾಸ್‌ಗಳು ಹೆಚ್ಚು ಕೋನದಲ್ಲಿ ತಿರುಗಬೇಕಾಗುತ್ತದೆ. ಸ್ಟೇರಿಂಗಿನ ರಾಡ್ ಓರೆಯಾಗಿ, ಪ್ರತಿ ಹಂಪಿಗೂ ಗಾಡಿ ತಾನೇ ತಿರುಗಲು ನೋಡುತ್ತದೆ. ಬ್ರೇಕ್ ಹೋಸ್, ಶಾಕ್ ಅಬ್ಸಾರ್ಬರ್ ಎರಡೂ ಉದ್ದ ಸಾಲದು. ಎಲ್ಲಕ್ಕಿಂತ ಮುಖ್ಯವಾದದ್ದು ಗಾಡಿ ಮಗುಚುವ ಮಾತು. ಎಡ ಬಲ ಚಕ್ರಗಳ ನಡುವೆ 1300 ಮಿಲಿಮೀಟರ್, ಗುರುತ್ವ ಕೇಂದ್ರದ ಎತ್ತರ 650 ಇದ್ದರೆ, ಲೆಕ್ಕದ ಪ್ರಕಾರ ಗಾಡಿ 45 ಡಿಗ್ರಿ ವಾಲುವವರೆಗೆ ಮಗುಚುವುದಿಲ್ಲ. ಆ ಕೇಂದ್ರ ಬರೀ 100 ಮಿಲಿಮೀಟರ್ ಮೇಲೇರಿದರೆ 41 ಡಿಗ್ರಿಯೇ ಮಿತಿ. ಸ್ಪ್ರಿಂಗ್ ಬಗ್ಗುವುದು, ವೇಗ, ತಿರುವು ಎಲ್ಲ ಸೇರಿದರೆ ನಿಜವಾದ ಮಿತಿ ಇನ್ನೂ ಎಷ್ಟೋ ಕಡಿಮೆ. ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ಆರ್‌ಸಿಯ ವಿವರ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ.

ಇನ್ನು ಹಳೇ ಪ್ಲೇಟನ್ನೇ ಬಡಿದು ಬಾಗಿಸುವ ಕೆಲಸ. ಸೆಟ್ ಬಿಚ್ಚಿ, ಒಂದೊಂದೇ ಪ್ಲೇಟನ್ನು ಎರಡು ಆಸರೆಗಳ ನಡುವೆ ಇಟ್ಟು, ಒಳಬಾಗಿನ ಮೇಲೆ ಸುತ್ತಿಗೆಯಿಂದ ಹೊಡೆಯುತ್ತ ಬರುತ್ತಾರೆ. ಕೈಚಳಕ ನೋಡುವಂಥದ್ದೇ. ಕಣ್ಣಳತೆಯಲ್ಲೇ ಎರಡು ಕಡೆಯ ಬಾಗು ಸರಿಸಮ ಬರುತ್ತದೆ. ತೊಂದರೆ ಇರುವುದು ಉಕ್ಕಿನ ಒಳಗೆ. ಭಾರ ಬಿದ್ದಾಗ ಪ್ಲೇಟು ಚಪ್ಪಟೆಯಾಗುತ್ತದೆ, ಅಂದರೆ ಒಳಬಾಗಿನ ಮೇಲ್ಮೈ ಎಳೆಯಲ್ಪಡುತ್ತದೆ. ಒಳ್ಳೆಯ ಕಾರ್ಖಾನೆಗಳಲ್ಲಿ ಆ ಮೇಲ್ಮೈಗೆ ಸಣ್ಣ ಉಕ್ಕಿನ ಗುಂಡುಗಳನ್ನು ಜೋರಾಗಿ ಎರಚುತ್ತಾರೆ. ಕೊನೆಗೆ ಪ್ಲೇಟನ್ನು ಒಮ್ಮೆ ಮಿತಿಮೀರಿ ಒತ್ತಿ ಬಿಡುತ್ತಾರೆ. ಎರಡರಿಂದಲೂ ಮೇಲ್ಮೈಯಲ್ಲಿ ಒಂದು ಒತ್ತಡ ಉಳಿದುಕೊಳ್ಳುತ್ತದೆ. ರಸ್ತೆಯ ಎಳೆತ ಮೊದಲು ಅದನ್ನು ಗೆಲ್ಲಬೇಕು, ಆಮೇಲೆ ಉಕ್ಕನ್ನು ಎಳೆಯಬೇಕು. ಸುತ್ತಿಗೆಯಿಂದ ಉಲ್ಟಾ ಬಗ್ಗಿಸಿದಾಗ ಈ ರಕ್ಷಣೆ ಅಳಿಸಿಹೋಗಿ, ಅದೇ ಮೇಲ್ಮೈಯಲ್ಲಿ ಎಳೆತ ಉಳಿಯುತ್ತದೆ. ಬಡಿದ ಪ್ಲೇಟು ಕೆಲವೇ ತಿಂಗಳಲ್ಲಿ ಮತ್ತೆ ತಗ್ಗುವುದು ಅದಕ್ಕೇ. ಸುತ್ತಿಗೆಯ ಅಂಚು ತಾಗಿದ ಕಚ್ಚು ಇದ್ದರಂತೂ ಬಿರುಕಿಗೆ ಜಾಗ ಸಿಕ್ಕಿತು.

ಗ್ಯಾಸ್ ಜ್ವಾಲೆಯಲ್ಲಿ ಕಾಯಿಸಿ ಬಗ್ಗಿಸಿದರೆ ಇನ್ನೂ ಕೆಟ್ಟದು. ಸ್ಪ್ರಿಂಗ್ ಉಕ್ಕನ್ನು 850 ಡಿಗ್ರಿ ದಾಟಿ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ 400ರಿಂದ 500 ಡಿಗ್ರಿಯಲ್ಲಿಟ್ಟು ಹದ ಮಾಡಿರುತ್ತಾರೆ. ಜ್ವಾಲೆ ತಾಗಿದ ಕಡೆ ಆ ಹದ ಹೋಗುತ್ತದೆ. ಇಲ್ಲೊಂದು ಅಚ್ಚರಿ ಇದೆ. ಹದ ಕೆಟ್ಟ ಪ್ಲೇಟಿನ ಬಿಗಿತ ಕಡಿಮೆಯಾಗುವುದಿಲ್ಲ! ಗ್ರಿಲ್ ಮಾಡುವ ಸಾಧಾರಣ ಪಟ್ಟಿಯೂ ದುಬಾರಿ ಸ್ಪ್ರಿಂಗ್ ಉಕ್ಕೂ ಅದೇ ಬಲಕ್ಕೆ ಹೆಚ್ಚುಕಡಿಮೆ ಅಷ್ಟೇ ಬಗ್ಗುತ್ತವೆ. ಹದ ನಿರ್ಧರಿಸುವುದು ಎಷ್ಟು ಬಗ್ಗಿದರೂ ವಾಪಸ್ ಬರುತ್ತದೆ ಎಂಬುದನ್ನು. ಕೈಯಿಂದ ಒತ್ತಿ ನೋಡಿ "ಗಟ್ಟಿ ಇದೆ" ಅನ್ನುವ ಪರೀಕ್ಷೆಯಿಂದ ಏನೂ ತಿಳಿಯದು.

ಮುರಿದ ಪ್ಲೇಟು ಸಿಕ್ಕರೆ ಬಿಸಾಡುವ ಮುಂಚೆ ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಮೂಲೆಯಲ್ಲಿ, ಬಹಳ ಸಲ ಪ್ಲೇಟುಗಳನ್ನು ನಡುವಿನಲ್ಲಿ ಪೋಣಿಸುವ ಸೆಂಟರ್ ಬೋಲ್ಟಿನ ತೂತಿನ ಅಂಚಿನಲ್ಲಿ, ನಯವಾದ ಕಪ್ಪು ಭಾಗ ಇರುತ್ತದೆ. ಅದರ ಮೇಲೆ ಅರ್ಧಚಂದ್ರದಂಥ ಗೆರೆಗಳು. ಉಳಿದದ್ದೆಲ್ಲ ಹರಳು ಹರಳಾಗಿ ಹೊಳೆಯುತ್ತದೆ. ನಯವಾದ ಭಾಗ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿರಿದದ್ದು. ಹೊಳೆಯುವ ಭಾಗ ಕೊನೆಯ ಗುಂಡಿಯಲ್ಲಿ ಒಮ್ಮೆಲೇ ಮುರಿದದ್ದು. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಆಕ್ಸಲುಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ ಇದನ್ನು ಅಳೆದು ತೋರಿಸಿದರು. ಒಂದೇ ಸಲಕ್ಕೆ ಮುರಿಯಲಾರದ ಬಲವೂ ಲಕ್ಷಾಂತರ ಸಲ ಬಿದ್ದರೆ ಉಕ್ಕನ್ನು ಮುರಿಯುತ್ತದೆ.

ಸೆಟ್ ಮತ್ತೆ ಕಟ್ಟಿಸುವಾಗ ಯು-ಬೋಲ್ಟ್ ಹೊಸದೇ ಹಾಕಿಸಿ. ಆಕ್ಸಲನ್ನು ಹಿಡಿದಿಡುವುದು ಯು-ಬೋಲ್ಟಿನ ಬಿಗಿ ಹಿಡಿತ. ಸೆಂಟರ್ ಬೋಲ್ಟ್ ಬರೀ ಜಾಗ ತೋರಿಸುವುದಕ್ಕೆ. ಒಮ್ಮೆ ಬಿಗಿಸಿದಾಗಲೇ ಯು-ಬೋಲ್ಟ್ ಹಿಗ್ಗಿರುತ್ತದೆ, ಬಿಚ್ಚಿದ ಹಳೆಯದು ಅಷ್ಟೇ ಹಿಡಿತ ಕೊಡುತ್ತದೆಂಬ ನಂಬಿಕೆ ಇಲ್ಲ. ಹೊಸದೂ ಸಡಿಲವಾಗುತ್ತದೆ, ಹಾಗಾಗಿ ಕೆಲವು ದಿನ ಓಡಿಸಿದ ಮೇಲೆ ಮತ್ತೆ ಬಿಗಿಸಬೇಕು.

ಕೆಲಸಕ್ಕೆ ಕೊಡುವ ಮುಂಚೆ ಒಂದು ಟೇಪು ಹಿಡಿದು ಅಳತೆ ಬರೆದಿಡಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹಿಂದಿನ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಎಷ್ಟಿದೆ ನೋಡಿ. ಆಮೇಲೆ ಅದೇ ಬದಿಯ ಮುಂದಿನ ಚಕ್ರವನ್ನು ಗಟ್ಟಿಯಾದ ದಿಬ್ಬದ ಮೇಲೆ ನಿಧಾನಕ್ಕೆ ಹತ್ತಿಸಿ, ಹಿಂದಿನ ಚಕ್ರ ಇನ್ನೇನು ನೆಲ ಬಿಡುತ್ತದೆ ಎನ್ನುವಾಗ ನಿಲ್ಲಿಸಿ ಅದೇ ಅಳತೆ ಮತ್ತೆ ತೆಗೆಯಿರಿ. ಎರಡರ ನಡುವಿನ ವ್ಯತ್ಯಾಸವೇ ಆ ಚಕ್ರ ಗುಂಡಿಯನ್ನು ಹಿಂಬಾಲಿಸುವ ದೂರ. ಗ್ಯಾರೇಜಿನಿಂದ ಬಂದ ಮೇಲೆ ಅದೇ ದಿಬ್ಬದಲ್ಲಿ ಇನ್ನೊಮ್ಮೆ ಅಳೆಯಿರಿ. ದೂರ ಕಡಿಮೆಯಾಗಿದ್ದರೆ, ಗಾಡಿ ನೋಡಲು ಎಷ್ಟೇ ಎತ್ತರ ಕಾಣಲಿ, ಆ ಪ್ಲೇಟನ್ನು ವಾಪಸ್ ತೆಗೆಸಿ.