ಕಂಡಿಷನಲ್ ಸ್ಟೇಟ್‌ಮೆಂಟ್: ಪಿಎಚ್‌ಪಿಯಲ್ಲಿ ಇಫ್ ಏನು ನೋಡುತ್ತದೆ?

ಲಾಗಿನ್ ಆಗಿದ್ದರೆ ಬಳಕೆದಾರರ ಹೆಸರು ತೋರಿಸು, ಇಲ್ಲದಿದ್ದರೆ ಲಾಗಿನ್ ಬಟನ್ ತೋರಿಸು. ಹೀಗೆ ಒಂದು ಷರತ್ತು ನೋಡಿ ಮುಂದಿನ ಕೆಲಸ ಆರಿಸುವ ಕೋಡ್‌ಗೆ ಕಂಡಿಷನಲ್ ಸ್ಟೇಟ್‌ಮೆಂಟ್ ಅನ್ನುತ್ತಾರೆ. ಇಲ್ಲಿ ಪಿಎಚ್‌ಪಿಯನ್ನು ತೆಗೆದುಕೊಳ್ಳೋಣ. ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಹೊರತಂದ, ವೆಬ್‌ಸೈಟ್ ಕಟ್ಟಲು ಬಳಸುವ ಪ್ರೋಗ್ರಾಮಿಂಗ್ ಭಾಷೆ ಇದು. ವರ್ಡ್‌ಪ್ರೆಸ್ ಎಂಬ ವೆಬ್‌ಸೈಟ್ ತಯಾರಿಸುವ ಸಾಫ್ಟ್‌ವೇರ್ ಕೂಡ ಇದರಲ್ಲೇ ಬರೆದದ್ದು.

ಬರೆಯುವ ರೀತಿ ಸುಲಭ. ಇಫ್, ಅದರ ಪಕ್ಕ ಬ್ರ್ಯಾಕೆಟ್‌ನಲ್ಲಿ ಷರತ್ತು, ಆಮೇಲೆ ಮಾಡಬೇಕಾದ ಕೆಲಸ. ಷರತ್ತು ಸುಳ್ಳಾದರೆ ಎಲ್ಸ್ ಭಾಗ ನಡೆಯುತ್ತದೆ. ಹೆಚ್ಚು ದಾರಿಗಳಿದ್ದರೆ ನಡುವೆ ಎಲ್ಸ್‌ಇಫ್ ಸೇರಿಸಬೇಕು. ಪಿಎಚ್‌ಪಿ ಮೇಲಿನಿಂದ ನೋಡುತ್ತಾ ಬಂದು, ಮೊದಲು ನಿಜವಾದದ್ದನ್ನು ಮಾತ್ರ ನಡೆಸಿ ಉಳಿದದ್ದನ್ನು ಬಿಡುತ್ತದೆ. ಹಾಗಾಗಿ ‘35ಕ್ಕಿಂತ ಜಾಸ್ತಿ ಇದ್ದರೆ ಪಾಸ್’ ಎಂದು ಮೊದಲೇ ಬರೆದು, ‘60ಕ್ಕಿಂತ ಜಾಸ್ತಿ ಇದ್ದರೆ ಫಸ್ಟ್ ಕ್ಲಾಸ್’ ಎಂದು ಕೆಳಗೆ ಬರೆದರೆ, 90 ತೆಗೆದವರಿಗೂ ಬರೀ ಪಾಸ್ ಸಿಗುತ್ತದೆ!

ನಿಜವಾದ ತೊಡಕು ಬ್ರ್ಯಾಕೆಟ್ ಒಳಗಿದೆ. ಅಲ್ಲಿ ಏನೇ ಹಾಕಿ, ಪಿಎಚ್‌ಪಿ ಅದನ್ನು ಟ್ರೂ (ನಿಜ) ಇಲ್ಲವೇ ಫಾಲ್ಸ್ (ಸುಳ್ಳು) ಮಾಡಿಕೊಳ್ಳುತ್ತದೆ. ಸೊನ್ನೆ, ನಲ್ (ಬೆಲೆಯೇ ಇಲ್ಲ ಎಂಬ ಗುರುತು), ಖಾಲಿ ಸ್ಟ್ರಿಂಗ್ (ಅಕ್ಷರಗಳ ಸಾಲು), ಖಾಲಿ ಅರೇ (ಬೆಲೆಗಳ ಪಟ್ಟಿ) ಎಲ್ಲವೂ ಫಾಲ್ಸ್. ಇದು ಸರಿ ಅನಿಸುತ್ತದೆ, ಅಲ್ವಾ? ಆದರೆ "0" ಎಂಬ ಸ್ಟ್ರಿಂಗ್ ಕೂಡ ಫಾಲ್ಸ್, "0.0" ಮಾತ್ರ ಟ್ರೂ. ಫಾರ್ಮ್‌ನಲ್ಲಿ ತುಂಬಿದ ಅಂಕಿಗಳು ಸ್ಟ್ರಿಂಗ್ ಆಗಿಯೇ ಬರುತ್ತವೆ. ‘ಮಕ್ಕಳೆಷ್ಟು?’ ಎಂಬ ಜಾಗದಲ್ಲಿ ಒಬ್ಬರು 0 ಎಂದು ಬರೆದರು ಅಂದುಕೊಳ್ಳಿ. ಆ ಉತ್ತರವನ್ನು ಹಿಡಿದಿಟ್ಟ ವೇರಿಯಬಲ್ ಒಂದನ್ನೇ ಇಫ್ ಒಳಗೆ ಇಟ್ಟಿದ್ದರೆ, ‘ಈ ಜಾಗ ಖಾಲಿ ಇದೆ’ ಎಂಬ ತಪ್ಪು ಸಂದೇಶ ಅವರಿಗೆ ಹೋಗುತ್ತದೆ. ಸರಿಯಾದ ಉತ್ತರ ಕೊಟ್ಟವರನ್ನು ತಡೆದು ನಿಲ್ಲಿಸಿದಂತಾಯಿತು. ಕೇಳಬೇಕಾದ್ದನ್ನು ಪೂರ್ತಿ ಕೇಳಿ: ಬಂದದ್ದು ಖಾಲಿ ಸ್ಟ್ರಿಂಗಾ, ಅಲ್ಲವಾ?

ಸ್ಟ್ರ್‌ಪಾಸ್ ಫಂಕ್ಷನ್‌ನದೂ ಇದೇ ಕಥೆ. ಒಂದು ಪದ ಸಾಲಿನಲ್ಲಿ ಎಲ್ಲಿದೆ ಎಂದು ಅದು ಹೇಳುತ್ತದೆ. ಎಣಿಕೆ ಸೊನ್ನೆಯಿಂದ ಶುರು. ‘ಮೈಸೂರು ರಸ್ತೆ’ಯಲ್ಲಿ ‘ಮೈಸೂರು’ ಹುಡುಕಿದರೆ ಸಿಗುವ ಉತ್ತರ 0. ಇಫ್ ಪಾಲಿಗೆ ಅದು ಫಾಲ್ಸ್, ಅಂದರೆ ಪದ ಸಿಕ್ಕೇ ಇಲ್ಲ! ಅದಕ್ಕೇ ಉತ್ತರವನ್ನು !== (ಟೈಪ್ ಬದಲಿಸದೆ ‘ಬೇರೆಯೇ?’ ಎಂದು ನೋಡುವ ಚಿಹ್ನೆ) ಹಾಕಿ ಫಾಲ್ಸ್ ಜೊತೆ ಹೋಲಿಸಬೇಕು. 2020ರಲ್ಲಿ ಬಂದ ಪಿಎಚ್‌ಪಿ 8ರಲ್ಲಿ ಸ್ಟ್ರ್_ಕಂಟೇನ್ಸ್ ಇದೆ. ಪದ ಇದೆಯೋ ಇಲ್ಲವೋ ಎಂದಷ್ಟೇ ನೋಡಿ ಅದು ನೇರವಾಗಿ ಟ್ರೂ ಅಥವಾ ಫಾಲ್ಸ್ ಕೊಡುತ್ತದೆ.

ಹೋಲಿಕೆಗೆ == ಬೇಡ, === ಬಳಸಿ ಎಂದೇ ನಾನು ಹೇಳುತ್ತೇನೆ. == ಚಿಹ್ನೆ ಅಗತ್ಯ ಬಿದ್ದರೆ ಟೈಪ್ (ಅಂಕಿಯೋ ಸ್ಟ್ರಿಂಗೋ ಎಂಬುದು) ಬದಲಿಸಿ ಹೋಲಿಸುತ್ತದೆ, === ಬದಲಿಸುವುದಿಲ್ಲ. ಪಿಎಚ್‌ಪಿ 7ರವರೆಗೆ 0 == "ಮಾವು" ಎಂದರೆ ಟ್ರೂ ಬರುತ್ತಿತ್ತು. 8ರಲ್ಲಿ ಅದನ್ನು ಸರಿಪಡಿಸಿದರು. ಒಂದೇ = ಹಾಕಿದರಂತೂ ಅದು ಹೋಲಿಕೆಯೇ ಅಲ್ಲ, ವೇರಿಯಬಲ್‌ನ ಹಳೆಯ ಬೆಲೆ ಅಳಿಸಿ ಹೊಸದನ್ನು ತುಂಬುತ್ತದೆ.

ಒಂದೇ ಬೆಲೆಯನ್ನು ಹಲವು ಆಯ್ಕೆಗಳ ಜೊತೆ ನೋಡುವುದಿದ್ದರೆ ಸ್ವಿಚ್ ಇದೆ, ಆದರೆ ಅದು == ರೀತಿಯಲ್ಲೇ ಹೋಲಿಸುತ್ತದೆ. ಪಿಎಚ್‌ಪಿ 8ರ ಮ್ಯಾಚ್ ಹೋಲಿಸುವುದು === ರೀತಿಯಲ್ಲಿ. ಯಾವ ಆಯ್ಕೆಯೂ ಹೊಂದದೆ, ಡಿಫಾಲ್ಟ್ (ಯಾವುದೂ ಹೊಂದದಾಗ ನಡೆಯುವ ಭಾಗ) ಕೂಡ ಇಲ್ಲದಿದ್ದರೆ ಸ್ವಿಚ್ ಸುಮ್ನೆ ಮುಂದೆ ಹೋಗುತ್ತದೆ. ಮ್ಯಾಚ್ ಅಲ್ಲೇ ಎರರ್ ಕೊಡುತ್ತದೆ.