ಸಹಿ ಹಾಕುವ ಮುಂಚೆ ಪಂಪಿನ ಸದ್ದು ಕೇಳಿ

"ಸರ್, ಹೊಸ ಗಾಡಿಗೂ ಯಾರಾದ್ರೂ ಇನ್‌ಸ್ಪೆಕ್ಷನ್ ಮಾಡಿಸ್ತಾರಾ?"

ಫೋನ್ ಮಾಡುವವರು ಮೊದಲು ಕೇಳುವುದೇ ಇದನ್ನು. ಅಮೆರಿಕದ ಓಹಾಯೋದಲ್ಲಿ ಆರ್‌ವಿಗಳನ್ನು, ಅಂದರೆ ಒಳಗೇ ಉಳಿದುಕೊಳ್ಳಬಹುದಾದ ಪ್ರವಾಸದ ಗಾಡಿಗಳನ್ನು, ಪರೀಕ್ಷೆ ಮಾಡಿ ವರದಿ ಕೊಡುವುದು ನನ್ನ ಕೆಲಸ. ಅವುಗಳಲ್ಲಿ ಟ್ರಾವೆಲ್ ಟ್ರೇಲರ್ ಅಂದರೆ ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಹೋಗುವ ಮನೆ. ಮಂಚ, ಒಲೆ, ಫ್ರಿಜ್ಜು, ಬಚ್ಚಲು ಎಲ್ಲ ಅದರಲ್ಲೇ. ಈಚೆಗೆ ಇಲ್ಲಿರುವ ನಮ್ಮ ಕನ್ನಡದವರೂ ಕೊಳ್ಳುತ್ತಿದ್ದಾರೆ. ಅವರಿಗೆ ನಾನು ಹೇಳುವುದು ಒಂದೇ: ಹಳೆಯದಕ್ಕಿಂತ ಹೊಸದಕ್ಕೇ ಪರೀಕ್ಷೆ ಜಾಸ್ತಿ ಬೇಕು. ಹಳೆಯ ಗಾಡಿಯಲ್ಲಿ ಯಾರೋ ನಾಲ್ಕು ದಿನ ಬದುಕಿ, ಸೋರಿದ್ದನ್ನು ಸರಿಮಾಡಿಸಿಕೊಂಡಿರುತ್ತಾರೆ. ಹೊಸದರಲ್ಲಿ ಒಬ್ಬರೂ ಒಂದು ರಾತ್ರಿ ಮಲಗಿರುವುದಿಲ್ಲ.

ಹೋದ ವಸಂತದಲ್ಲಿ ದಾವಣಗೆರೆ ಕಡೆಯ ಗಂಡ ಹೆಂಡತಿ 26 ಅಡಿಯ ಟ್ರೇಲರ್ ಒಂದನ್ನು ಒಪ್ಪಿಕೊಂಡಿದ್ದರು. ನಾನು ಹೋದಾಗ ಆಕೆ ಮೊದಲು ತೋರಿಸಿದ್ದು ಅಡುಗೆ ಕಪಾಟನ್ನು. "ನೋಡಿ ಅಣ್ಣ, ಬಾಗಿಲು ಓರೆ ಇದೆ. ಹೊಸದಲ್ವಾ ಇದು?" ಅದನ್ನು ಬಿಡಿ ಅಂದೆ. ಸ್ಕ್ರೂಡ್ರೈವರ್ ಇದ್ದರೆ ಎರಡು ನಿಮಿಷದ ಕೆಲಸ.

ನೀರಿನ ಪಂಪು ಹಾಕಿದೆ. ನಲ್ಲಿಗಳನ್ನು ತೆರೆದು, ಗಾಳಿ ಹೋಗಿ ನೀರು ಬಂದ ಮೇಲೆ ಎಲ್ಲ ಬಂದ್ ಮಾಡಿದೆ. ಪಂಪು ಟರ್ರ್ ಅಂತ ಸ್ವಲ್ಪ ಓಡಿ ನಿಂತಿತು. ಒತ್ತಡ ತುಂಬಿದರೆ ಅದು ತಾನಾಗಿ ನಿಲ್ಲಬೇಕು, ಯಾರಾದರೂ ನಲ್ಲಿ ತಿರುಗಿಸುವ ತನಕ ಸುಮ್ಮನಿರಬೇಕು. ಎಲ್ಲರಿಗೂ ಮಾತು ನಿಲ್ಲಿಸಿ ಅಂದೆ. ಮೂರು ನಿಮಿಷ ಆಗಿರಬಹುದು. ಟರ್. ಒಂದೇ ಒಂದು ಸಲ. ನಲ್ಲಿ ಯಾವುದೂ ತೆರೆದಿಲ್ಲ. ಹಾಗಾದರೆ ನೀರು ಎಲ್ಲೋ ಹೋಗುತ್ತಿದೆ.

ಸಿಂಕಿನ ಕೆಳಗಿನ ಡ್ರಾಯರ್ ಪೂರ್ತಿ ಎಳೆದು ಹೊರಗಿಟ್ಟು, ಟಾರ್ಚು ಹಿಡಿದು ಒಳಗೆ ತಲೆ ಹಾಕಿದೆ. ಕಣ್ಣಿಗೆ ಏನೂ ಕಾಣಲಿಲ್ಲ. ಇಂಥ ಕಡೆ ನಾನು ಕಣ್ಣನ್ನು ನಂಬುವುದಿಲ್ಲ, ಟಿಶ್ಯೂ ಪೇಪರನ್ನು ನಂಬುತ್ತೇನೆ. ಒಂದೊಂದು ಜಾಯಿಂಟಿಗೂ ಟಿಶ್ಯೂ ಸುತ್ತಿ ತೆಗೆದೆ. ಮೂರನೆಯದು ಒದ್ದೆಯಾಗಿ ಬಂತು. ಬಿಳಿ ಪ್ಲಾಸ್ಟಿಕ್ ಪೈಪಿನ ಮೇಲೆ ಕ್ಲಾಂಪ್ ಸ್ವಲ್ಪ ಸೊಟ್ಟಗೆ ಕೂತಿತ್ತು, ಅಷ್ಟೇ. ಆದರೆ ಅಲ್ಲಿಂದ ಇಳಿದ ನೀರು ನೆಲದ ಹಲಗೆ ದಾಟಿ ಗಾಡಿಯ ಹೊಟ್ಟೆಯ ಹೊದಿಕೆಯೊಳಗೆ ನಿಲ್ಲುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಆ ಹಲಗೆ ನೀರಲ್ಲಿ ಬಿದ್ದ ಹಪ್ಪಳದ ಹಾಗಾಗುತ್ತದೆ.

ಇಂಥವು ಯಾಕೆ ಆಗುತ್ತವೆ? ಅಮೆರಿಕದ ಆರ್‌ವಿಗಳಲ್ಲಿ ಬಹುಪಾಲು ತಯಾರಾಗುವುದು ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತಮುತ್ತ. ಕಾರಿನ ಕಾರ್ಖಾನೆಯಂತೆ ರೋಬೋಗಳು ಜೋಡಿಸುವುದಲ್ಲ, ಹೆಚ್ಚಿನದೆಲ್ಲ ಕೈಕೆಲಸ. ಅನೇಕ ಕಡೆ ಗಂಟೆಗಿಷ್ಟು ಅಂತಲ್ಲ, ಗಾಡಿಗಿಷ್ಟು ಅಂತ ಕೂಲಿ. ನಸುಕಿನಲ್ಲೇ ಕೆಲಸ ಶುರು. ಆ ದಿನದ ಲೆಕ್ಕ ಮುಗಿದರೆ ಮನೆಗೆ. ಕ್ಲಾಂಪ್ ಸೊಟ್ಟಗಿದೆ ಅಂತ ನಿಂತರೆ ಹಿಂದಿನ ಗಾಡಿಯೂ ನಿಲ್ಲುತ್ತದೆ. ಕೆಲಸಗಾರರನ್ನು ನಾನು ಬೈಯುವುದಿಲ್ಲ, ಲೆಕ್ಕ ಹಾಕಿಟ್ಟವರು ಅವರಲ್ಲ. ಕೋವಿಡ್ ಕಾಲದಲ್ಲಿ ಇದು ಮಿತಿ ಮೀರಿತು. 2021ರಲ್ಲಿ 6 ಲಕ್ಷಕ್ಕೂ ಹೆಚ್ಚು ಆರ್‌ವಿಗಳು ಕಾರ್ಖಾನೆ ಬಿಟ್ಟವು, ಅದು ದಾಖಲೆ. 2023ಕ್ಕೆ 3 ಲಕ್ಷ 13 ಸಾವಿರಕ್ಕೆ ಇಳಿಯಿತು.

ಬಾಗಿಲ ಪಕ್ಕ ಆರ್‌ವಿಐಎ, ಅಂದರೆ ಆರ್‌ವಿ ಉದ್ಯಮದ ಸಂಘ, ಅಂತ ಒಂದು ಚೀಟಿ ಅಂಟಿಸಿರುತ್ತಾರೆ. ಅದನ್ನು ನೋಡಿ ಐಎಸ್‌ಐ ಮಾರ್ಕು ಕಂಡವರಂತೆ ಸಮಾಧಾನ ಪಡುವವರಿದ್ದಾರೆ. ಅದು ವಿದ್ಯುತ್ತು, ಗ್ಯಾಸು, ಕೊಳಾಯಿ, ಬೆಂಕಿಯ ಸುರಕ್ಷತೆಯ ನಿಯಮಗಳಿಗೆ ಸಂಬಂಧಿಸಿದ್ದು. ಕೆಲಸ ಎಷ್ಟು ನಾಜೂಕಾಗಿದೆ ಅನ್ನುವುದಕ್ಕೆ ಸರ್ಟಿಫಿಕೇಟ್ ಅಲ್ಲ.

ಟ್ರೇಲರಿಗೆ ನಿಜವಾದ ವೈರಿ ನೀರು. ಮಿಕ್ಕಿದ್ದೆಲ್ಲ ರಿಪೇರಿ. ಹಾಗಾಗಿ ಅರ್ಧ ಹೊತ್ತು ನಾನು ಮೇಲೆಯೇ ಇರುತ್ತೇನೆ. ಚಾವಣಿಯ ರಬ್ಬರು ಹಾಳೆ ಸಾಮಾನ್ಯವಾಗಿ ಸೋರುವುದಿಲ್ಲ. ಫ್ಯಾನು, ಗಾಳಿ ಕೊಳವೆ, ಏಣಿ ಅಂತ ತೂತು ಕೊರೆದ ಕಡೆಯೆಲ್ಲ ಸೋರುತ್ತದೆ. ಅಲ್ಲಿ ಸುರಿದ ಸೀಲಂಟ್ ಸ್ಕ್ರೂಗಳ ತಲೆಯನ್ನು ಪೂರ್ತಿ ಮುಚ್ಚಿರಬೇಕು. ಬೆಂಕಿಕಡ್ಡಿ ತೂರುವಷ್ಟು ಸಂದಿ ಸಾಕು ಗಾಡಿ ಕೊಳೆಯಲು. ಫೈಬರ್‌ಗ್ಲಾಸ್ ಗೋಡೆಯಾದರೆ ಬೆಳಗಿನ ಓರೆ ಬಿಸಿಲಿನಲ್ಲಿ ಮೂಲೆಗೆ ನಿಂತು ಉದ್ದಕ್ಕೂ ಕಣ್ಣು ಹಾಯಿಸಿ. ಎಲ್ಲಾದರೂ ಉಬ್ಬಿದ್ದರೆ ಒಳಗಿನ ಪದರ ಬಿಟ್ಟಿದೆ. ಚೌಕಾಶಿ ಬೇಡ, ಬಿಟ್ಟು ಬನ್ನಿ.

ವಾಟರ್ ಹೀಟರ್ ಬಗ್ಗೆ ಒಂದು ಮಾತು. ಟ್ಯಾಂಕು ತುಂಬಿದ್ದು ಖಾತ್ರಿಯಾಗದೆ ಕರೆಂಟಿನ ಸ್ವಿಚ್ಚು ಒತ್ತಬೇಡಿ. ಒಳಗಿನ ಕಾಯಿಲ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಮೊದಲ ವರ್ಷ ನಾನೇ ಒಂದು ಸುಟ್ಟು, ಕೈಯಿಂದ ದುಡ್ಡು ಕೊಟ್ಟಿದ್ದೇನೆ.

ತೂಕವನ್ನೂ ನೋಡಿ. ಜಾಹೀರಾತಿನಲ್ಲಿರುವುದು ಖಾಲಿ ಗಾಡಿಯ ತೂಕ. ಎಷ್ಟು ಸಾಮಾನು ತುಂಬಬಹುದು ಅನ್ನುವುದು ಬಾಗಿಲ ಹತ್ತಿರದ ಹಳದಿ ಚೀಟಿಯಲ್ಲಿರುತ್ತದೆ. 40 ಗ್ಯಾಲನ್ ನೀರು ತುಂಬಿದರೆ ಅದೊಂದೇ 150 ಕಿಲೋ.

ದಾವಣಗೆರೆಯವರ ಕಥೆಗೆ ಬರೋಣ. ಡೀಲರ್ ಕಡೆಯವನು ನಗುತ್ತಲೇ ಹೇಳಿದ: ಇವತ್ತು ತಗೊಂಡು ಹೋಗಿ, ಆಮೇಲೆ ತನ್ನಿ, ವಾರಂಟಿ ಇದೆಯಲ್ಲ. ವಾರಂಟಿ ಇರುವುದು ನಿಜ, ಸಾಮಾನ್ಯವಾಗಿ ಒಂದು ವರ್ಷ. ಆದರೆ ರಿಪೇರಿಗೆ ಕಂಪನಿ ಒಪ್ಪಬೇಕು, ಬಿಡಿಭಾಗ ಬರಬೇಕು, ಸರದಿ ಬರಬೇಕು. ಅಷ್ಟರಲ್ಲಿ ಕ್ಯಾಂಪಿಂಗ್ ಕಾಲ ಮುಗಿದಿರುತ್ತದೆ, ಸಾಲದ ಕಂತು ಮಾತ್ರ ತಪ್ಪದೆ ಹೋಗುತ್ತಿರುತ್ತದೆ. ಕೆಟ್ಟ ಕಾರು ಕೊಂಡವರನ್ನು ಕಾಯುವ ಲೆಮನ್ ಕಾನೂನು ಎಷ್ಟೋ ರಾಜ್ಯಗಳಲ್ಲಿ ಟ್ರೇಲರಿಗೆ ಅನ್ವಯಿಸುವುದಿಲ್ಲ. 1975ರ ಕೇಂದ್ರ ವಾರಂಟಿ ಕಾನೂನು ಇದೆ, ಆದರೆ ಆ ದಾರಿ ಹಿಡಿದರೆ ವಕೀಲರ ಮನೆ ಬಾಗಿಲಿಗೆ ಹೋಗಬೇಕು. ಸಹಿ ಹಾಕುವ ತನಕ ಡೀಲರಿಗೆ ನೀವು ಬೇಕು, ಹಾಕಿದ ಮೇಲೆ ನಿಮಗೆ ಅವನು ಬೇಕು.

ಅವರು ಸಹಿ ಹಾಕಲಿಲ್ಲ. ನನ್ನ ಪಟ್ಟಿಯಲ್ಲಿದ್ದ ಹನ್ನೊಂದು ದೋಷಗಳನ್ನು ಬರವಣಿಗೆಯಲ್ಲಿ ಕೊಟ್ಟರು. ರಿಪೇರಿಯಾದ ಮೇಲೆ ಡೀಲರ್ ಜಾಗದಲ್ಲೇ ಕರೆಂಟು, ನೀರು ಕೊಡಿಸಿಕೊಂಡು ಒಂದು ರಾತ್ರಿ ಅದರಲ್ಲೇ ಮಲಗಿದರು. ಬೆಳಿಗ್ಗೆ ಆಕೆಯ ಫೋನು ಬಂತು.

"ಅಣ್ಣ, ರಾತ್ರಿಯೆಲ್ಲ ಪಂಪು ಸುಮ್ನಿತ್ತು. ಕಪಾಟಿನ ಬಾಗಿಲು ಮಾತ್ರ ಇನ್ನೂ ಓರೆನೇ ಇದೆ."