ಬೇನಿಯಲ್ಲಿ ಎಬೋಲಾ ಹೆಸರಲ್ಲಿ ಓಟು ತಪ್ಪಿಸಿದಾಗ

ಎಬೋಲಾ ತಡೆಯೋ ಕೆಲಸ ನಿಂತಿರೋದೇ ಒಂದು ಲಿಸ್ಟಿನ ಮೇಲೆ. ರೋಗಿ ಜೊತೆ ಯಾರು ಊಟಕ್ಕೆ ಕೂತಿದ್ರು, ಬೈಕಲ್ಲಿ ಕ್ಲಿನಿಕ್‌ಗೆ ಕರ್ಕೊಂಡು ಹೋದೋರು ಯಾರು, ಸತ್ತ ಮೇಲೆ ಹೆಣಕ್ಕೆ ಸ್ನಾನ ಮಾಡಿಸಿದ್ಯಾರು, ಇಷ್ಟೂ ಹೆಸರು ಬರ್ಕೊಂಡು 21 ದಿನ ತಪ್ಪದೇ ಅವರ ಜ್ವರ ನೋಡ್ಬೇಕು, ಅವರಿಗೂ ಅವರ ಒಡನಾಟದಲ್ಲಿ ಇರೋರಿಗೂ ಲಸಿಕೆ ಹಾಕ್ಬೇಕು. ಈ ಹೆಸರು ಯಾವ ಲ್ಯಾಬೂ ಕೊಡಲ್ಲ, ಮನೆಯವರೇ ಬಾಯಿ ಬಿಡ್ಬೇಕು. ಸಾಂಕ್ರಾಮಿಕ ರೋಗಗಳ ಕೆಲಸದಲ್ಲಿರೋ ಡಾಕ್ಟರಾಗಿ ನಾನು ಆಫ್ರಿಕಾದ ಡೆಮಾಕ್ರಟಿಕ್ ಕಾಂಗೋದ 2019ನೇ ಇಸವಿ ಬಗ್ಗೆ ಬರೀತಿರೋದೂ ಇದಕ್ಕೇ, ಅಲ್ಲಿ ಜನ ಬಾಯಿ ಮುಚ್ಕೊಳ್ಳೋ ಹಾಗೆ ಮಾಡಿದ್ದರಲ್ಲಿ ರಾಜಕೀಯದ ಪಾಲು ದೊಡ್ಡದು.

ಆ ದೇಶದ ಪೂರ್ವದ ಉತ್ತರ ಕಿವು ಪ್ರಾಂತ್ಯದಲ್ಲಿ ಎಬೋಲಾ ಘೋಷಣೆ ಆಗಿದ್ದು 2018ರ ಆಗಸ್ಟ್ 1ಕ್ಕೆ. ಅಲ್ಲಿನ ಬೇನಿ ಪಟ್ಟಣದ ಸುತ್ತಮುತ್ತ 2014ರಿಂದ್ಲೂ ಹಳ್ಳಿಗರ ಹತ್ಯಾಕಾಂಡ ನಡೀತಾನೇ ಇತ್ತು, ಆಗ ನಮ್ಮನ್ನ ಕೇಳೋರಿರಲಿಲ್ಲ ಈಗ ಎಬೋಲಾ ಅಂದ ತಕ್ಷಣ ಸಾಲು ಸಾಲು ಜೀಪು ಬಂತು ಅನ್ನೋ ಸಿಟ್ಟು ಜನಕ್ಕೆ ಮೊದಲೇ ಇತ್ತು. ಅದ್ರ ಮೇಲೆ ಡಿಸೆಂಬರ್ 30ರ ಅಧ್ಯಕ್ಷೀಯ ಚುನಾವಣೆಗೆ ನಾಲ್ಕು ದಿನ ಇರೋವಾಗ ಚುನಾವಣಾ ಆಯೋಗ ಎಬೋಲಾ ಮತ್ತೆ ಭದ್ರತೆಯ ಕಾರಣ ಕೊಟ್ಟು ಬೇನಿ, ಬುಟೆಂಬೊದ ಮತದಾನ ಮಾರ್ಚ್‌ಗೆ ಮುಂದೂಡ್ತು. ಎರಡೂ ಊರು ವಿರೋಧ ಪಕ್ಷದ ಭದ್ರಕೋಟೆ. ಫೆಲಿಕ್ಸ್ ಚಿಸೆಕೆಡಿ 2019ರ ಜನವರಿ 24ಕ್ಕೇ ಅಧ್ಯಕ್ಷರಾಗಿ ಪ್ರಮಾಣವಚನ ತಗೊಂಡಾಯ್ತು, ಹತ್ತು ಲಕ್ಷಕ್ಕೂ ಹೆಚ್ಚು ಜನರ ಓಟು ಲೆಕ್ಕಕ್ಕೇ ಬರಲಿಲ್ಲ. ಶಾಲೆ, ಚರ್ಚು ಎಲ್ಲಾ ತೆರೆದೇ ಇದ್ದಾಗ ಮತಗಟ್ಟೆಗೆ ಮಾತ್ರ ಎಬೋಲಾ ಅಡ್ಡ ಬರತ್ತೆ ಅಂದ್ರೆ ಯಾರು ನಂಬ್ತಾರೆ? ಬೇನಿ ಜನ ಡಿಸೆಂಬರ್ 30ಕ್ಕೆ ತಾವೇ ಮತಪೆಟ್ಟಿಗೆ ಇಟ್ಟು, ಸಾಲಲ್ಲಿ ನಿಂತು, ಕೈ ತೊಳ್ಕೊಂಡು ಅಣಕು ಮತದಾನ ಮಾಡಿದ್ರು. ಕೈ ತೊಳೀಬೇಕು ಅನ್ನೋದು ಅವರಿಗೆ ಚೆನ್ನಾಗೇ ಗೊತ್ತಿತ್ತು. ತಿಳುವಳಿಕೆ ಇಲ್ಲದ ಜನ ಅಂತ ಅವರನ್ನ ದೂರೋದು ನನಗೆ ಸಹಿಸಕ್ಕಾಗಲ್ಲ.

ಎಬೋಲಾ ಅನ್ನೋದೇ ಸುಳ್ಳು, ಓಟು ಕಿತ್ಕೊಳ್ಳೋಕೆ ಹೂಡಿದ ಆಟ ಅನ್ನೋ ಮಾತಿಗೆ ಇದ್ರಿಂದ ಬಲ ಬಂತು. ಫೆಬ್ರವರಿಯಲ್ಲಿ ಕಾಟ್ವಾ, ಬುಟೆಂಬೊದ ಚಿಕಿತ್ಸಾ ಕೇಂದ್ರಗಳ ಮೇಲೆ ದಾಳಿ ಆಯ್ತು. ಏಪ್ರಿಲ್ 19ಕ್ಕೆ ಬುಟೆಂಬೊದ ಆಸ್ಪತ್ರೆಯಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಕಳಿಸಿದ್ದ ಕ್ಯಾಮರೂನಿನ ಡಾ. ರಿಚರ್ಡ್ ಮೂಝೊಕೊ ಅವರನ್ನ ಗುಂಡಿಟ್ಟು ಕೊಂದ್ರು. ದಾಳಿ ಆದಾಗೆಲ್ಲಾ ಮನೆಮನೆ ಭೇಟಿ ನಿಲ್ಲತ್ತೆ, ಲಿಸ್ಟಲ್ಲಿ ಇಲ್ಲದೋರು ಮನೇಲೇ ಸಾಯ್ತಾರೆ, ಹೆಣ ಮುಟ್ಟಿದೋರಿಗೆ ರೋಗ ಅಂಟತ್ತೆ. ಒಳ್ಳೇ ಲಸಿಕೆ ಕೈಯಲ್ಲಿದ್ದೂ 2020ರ ಜೂನ್‌ನಲ್ಲಿ ರೋಗ ಮುಗಿಯೋ ಹೊತ್ತಿಗೆ 2,287 ಜನ ಹೋಗಿದ್ರು.

ಇನ್ನೊಂದು ಕಡೆ ದಡಾರ. ದೇಶದಲ್ಲಿ 2019ರ ಒಂದೇ ವರ್ಷದಲ್ಲಿ 6,000ಕ್ಕೂ ಹೆಚ್ಚು ಸಾವು, ಬಹುಪಾಲು ಚಿಕ್ಕ ಮಕ್ಕಳು. ಶುರುವಲ್ಲಿ ಎರಡೂ ಬರೀ ಜ್ವರವೇ, ನೋಡಿದ್ರೆ ಯಾವುದು ಅಂತ ಗೊತ್ತಾಗಲ್ಲ. ಮಗೂನ ಕ್ಲಿನಿಕ್‌ಗೆ ಒಯ್ದರೆ ಎಬೋಲಾ ಸೆಂಟರಿಗೆ ಕಳಿಸಿಬಿಡ್ತಾರೆ ಅಂತ ಹೆದರಿದ ತಾಯಿ ಮನೇಲೇ ಇಟ್ಕೊಳ್ತಾಳೆ, ದಡಾರದ ಮಗುಗೆ ಬೇಕಿದ್ದ ಆರೈಕೆನೂ ತಪ್ಪಿಹೋಗತ್ತೆ.